ಗುರುಕಣಗಳ ವಿಘಟನೆಯೂ ಗ್ಲೂಆನಿನ ಸಿದ್ಧಿಯೂ

೧

ಕಣ್ಣಿಗೆ ಗೋಚರವಾಗದ ವಸ್ತುವನ್ನು ಉಂಟೆಂದು ಒಪ್ಪಬೇಕಾದರೆ ಎಂತಹ ಪ್ರಮಾಣ ಬೇಕೆಂಬುದು ನಮ್ಮ ಶಾಸ್ತ್ರಕಾರರು ಬಹುಕಾಲ ಚರ್ಚಿಸಿದ ವಿಷಯವಾಗಿರುತ್ತದೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯುಂಟೆಂದು ತಿಳಿಯುವುದು ಅನುಮಾನ. ಆದರೆ ಆ ಅನುಮಾನಕ್ಕೆ ಆಧಾರವಾದ ವ್ಯಾಪ್ತಿಜ್ಞಾನ, ಅಡಿಗೆಯ ಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ಕಂಡವನಿಗೆ ಮಾತ್ರ ದೊರೆಯತಕ್ಕದ್ದು. ಬೆಂಕಿಯನ್ನು ಯಾರೂ ಎಂದಿಗೂ ಕಾಣಲಾಗದಂತಹ ಲೋಕವೊಂದಿದ್ದರೆ ಅಲ್ಲಿ ಹೊಗೆಯಿಂದ ಬೆಂಕಿಯನ್ನು ಸಾಧಿಸುವ ಬಗೆ ಹೇಗೆ? ಇದು ತರ್ಕಪಾಠಶಾಲೆಯ ಕುತೂಹಲವೆಂದು ತೋರಬಹುದು. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭೌತವಿಜ್ಞಾನಿಗಳಿಗೆ ಇದೇ ಪ್ರಶ್ನೆ ನಿಜವಾಗಿ ಎದುರಾಯಿತು.

ಪರಮಾಣುವಿನ ಗರ್ಭದಲ್ಲಿರುವ ಪ್ರೋಟಾನು ನ್ಯೂಟ್ರಾನುಗಳು ಕ್ವಾರ್ಕುಗಳೆಂಬ ಇನ್ನೂ ಸಣ್ಣ ಘಟಕಗಳಿಂದಾದುವೆಂದೂ, ಆ ಕ್ವಾರ್ಕುಗಳನ್ನು ಒಂದಕ್ಕೊಂದು ಬಂಧಿಸುವುವು ಗ್ಲೂಆನುಗಳೆಂದೂ ಈಗ ವಿದ್ವಾಂಸರೆಲ್ಲರೂ ಒಪ್ಪಿರುವರು. ಆದರೂ ಒಂಟಿಯಾದ ಕ್ವಾರ್ಕನ್ನಾಗಲಿ ಒಂಟಿಯಾದ ಗ್ಲೂಆನನ್ನಾಗಲಿ ಇದುವರೆಗೆ ಯಾವ ಯಂತ್ರವೂ ಹಿಡಿದು ತೋರಿಸಿಲ್ಲ. ಹೀಗಿರಲು ಇವುಗಳ ಅಸ್ತಿತ್ವ, ಅದರಲ್ಲಿಯೂ ವಿದ್ಯುತ್ತಿನ ಸೋಂಕೇ ಇಲ್ಲದ ಗ್ಲೂಆನಿನ ಅಸ್ತಿತ್ವ, ಸಿದ್ಧವಾದುದು ಹೇಗೆ? ಗುರುಕಣಗಳು, ಎಂದರೆ ಪ್ರೋಟಾನಿಗಿಂತ ಹಲವು ಪಟ್ಟು ಹೆಚ್ಚು ದ್ರವ್ಯರಾಶಿಯುಳ್ಳ ಕಣಗಳು, ನಾಶವಾಗುವ ರೀತಿಯೇ ಇದಕ್ಕೆ ದಾರಿಯನ್ನು ತೆರೆಯಿತೆಂಬುದನ್ನು ೧೯೭೪ರಿಂದ ೧೯೮೦ರವರೆಗಿನ ಇತಿಹಾಸದ ಮೂಲಕ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಕ್ವಾರ್ಕಿನ ಕಲ್ಪನೆ ೧೯೬೪ರಲ್ಲಿ ಇಬ್ಬರಿಗೆ ಬೇರೆ ಬೇರೆಯಾಗಿ ಹೊಳೆಯಿತು. ಒಬ್ಬರು ಮರೆ ಗೆಲ್‌ಮನ್, ಇನ್ನೊಬ್ಬರು ಜಾರ್ಜ್ ಜ್ವೈಗ್. ಗೆಲ್‌ಮನ್ನರು ಮೊದಲು ಧ್ವನಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದು, ಬಳಿಕ ಜೇಮ್ಸ್ ಜಾಯ್ಸನ ‘ಫಿನ್ನೆಗನ್ಸ್ ವೇಕ್’ ಎಂಬ ೧೯೩೯ರ ಕಾದಂಬರಿಯಲ್ಲಿ ಆ ಧ್ವನಿಗೆ ಒಪ್ಪುವ ಪದವನ್ನು ಕಂಡು ಅದರ ಅಕ್ಷರರೂಪವನ್ನು ಸ್ವೀಕರಿಸಿದರು. ಜ್ವೈಗರು ಇಸ್ಪೀಟಿನ ಎಕ್ಕದ ಹೆಸರನ್ನಿಟ್ಟರು, ಅದು ನಿಲ್ಲಲಿಲ್ಲ. ಗ್ಲೂಆನೆಂಬ ಮಾತಾದರೋ ಅಂಟು ಎಂಬರ್ಥದ ಇಂಗ್ಲೀಷ್ ಪದದಿಂದ ಹುಟ್ಟಿದುದು. ಹೆಸರು ಬಂದ ಮಾತ್ರಕ್ಕೆ ವಸ್ತು ಬಂದಂತಾಗಲಿಲ್ಲ. ಕ್ವಾರ್ಕಿನ ವಿದ್ಯುದಂಶ ಪ್ರೋಟಾನಿನದರ ಮೂರರಲ್ಲೊಂದು ಭಾಗ ಅಥವಾ ಮೂರರಲ್ಲೆರಡು ಭಾಗವಾಗಿರಬೇಕಾಗಿತ್ತು. ಅಂತಹ ಕಣ ಎಲ್ಲಿಯೂ ಸಿಕ್ಕಲಿಲ್ಲ. ಇವು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡ ಸಂಕೇತಗಳೆಂದೇ ಅನೇಕರು ಭಾವಿಸಿದರು.

೧೯೬೦ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿರುವ ಸುಮಾರು ೩ ಕಿಲೋಮೀಟರ್ ಉದ್ದದ ವೇಗವರ್ಧಕ ಯಂತ್ರದಿಂದ ಎಲೆಕ್ಟ್ರಾನುಗಳನ್ನು ಪ್ರೋಟಾನಿನ ಮೇಲೆ ಹೊಡೆದು ನೋಡಿದಾಗ ಪ್ರೋಟಾನಿನೊಳಗೆ ಗಟ್ಟಿಯಾದ ಸಣ್ಣ ಬಿಂದುಗಳಿರುವ ಸೂಚನೆ ದೊರೆಯಿತು. ಫ್ರೀಡ್‌ಮನ್, ಕೆಂಡಲ್ ಮತ್ತು ಟೇಲರರು ಈ ಕಾರ್ಯಕ್ಕಾಗಿ ೧೯೯೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಆದರೆ ಈ ಪ್ರಯೋಗಗಳನ್ನು ಮುಂದುವರಿಸಿ ಲೆಕ್ಕ ಹಾಕಿದಾಗ ಒಂದು ವಿಚಿತ್ರ ಕಂಡುಬಂದಿತು. ವೇಗವಾಗಿ ಚಲಿಸುವ ಪ್ರೋಟಾನಿನ ಸಂವೇಗದಲ್ಲಿ ಸುಮಾರು ಅರ್ಧವನ್ನು ಮಾತ್ರ ಕ್ವಾರ್ಕುಗಳು ಹೊತ್ತಿದ್ದುವು. ಉಳಿದರ್ಧವನ್ನು ಹೊತ್ತವರಾರು? ಹಗಲಿನಲ್ಲಿ ಉಣ್ಣದ ದೇವದತ್ತ ದಪ್ಪಗಿರುವನೆಂದರೆ ರಾತ್ರಿ ಉಣ್ಣುತ್ತಿರಬೇಕೆಂದು ಮೀಮಾಂಸಕರು ಅರ್ಥಾಪತ್ತಿಗೆ ಕೊಡುವ ಉದಾಹರಣೆ ವಾಚಕರಿಗೆ ಪರಿಚಿತವೇ. ಎಲೆಕ್ಟ್ರಾನಿನ ಹೊಡೆತಕ್ಕೆ ಸಿಕ್ಕದೆ, ಎಂದರೆ ವಿದ್ಯುದಂಶವಿಲ್ಲದೆ, ಪ್ರೋಟಾನಿನೊಳಗೆ ಇನ್ನೇನೋ ಇರಬೇಕೆಂದು ಊಹಿಸಿದುದು ಈ ಬಗೆಯ ಅರ್ಥಾಪತ್ತಿಯಿಂದಲೇ.

ಅದೇನೆಂಬುದಕ್ಕೆ ಸಿದ್ಧಾಂತ ಸಿದ್ಧವಾಗುತ್ತಿದ್ದಿತು. ಒಂದೇ ಜಾತಿಯ ಮೂರು ಕ್ವಾರ್ಕುಗಳು ಒಂದೇ ಸ್ಥಿತಿಯಲ್ಲಿ ಕೂಡಿರುವ ಕಣಗಳು ದೊರೆತಿದ್ದುವು. ಪೌಲಿಯವರ ೧೯೨೫ರ ನಿಯಮದಂತೆ ಇದು ಸಲ್ಲದು. ಈ ವಿರೋಧವನ್ನು ಪರಿಹರಿಸಲು ಗ್ರೀನ್‌ಬರ್ಗರು ೧೯೬೪ರಲ್ಲಿಯೂ ಹ್ಯಾನ್ ಮತ್ತು ನಂಬುರವರು ೧೯೬೫ರಲ್ಲಿಯೂ ತೋರಿಸಿದ ಹಾದಿಯಿಂದ, ಪ್ರತಿಯೊಂದು ಕ್ವಾರ್ಕೂ ಮೂರು ‘ವರ್ಣ’ಗಳಲ್ಲಿ ಬರುವುದೆಂಬ ಕಲ್ಪನೆ ಬೆಳೆಯಿತು. ಇದು ಕಣ್ಣಿಗೆ ಕಾಣುವ ಬಣ್ಣವಲ್ಲ. ವಿದ್ಯುದಂಶದಂತೆ ಬಲಕ್ಕೆ ಆಶ್ರಯವಾದ ಒಂದು ಗುಣ. ವಿದ್ಯುತ್ತಿನ ಬಲವನ್ನು ಫೋಟಾನು ಒಯ್ಯುವಂತೆ ವರ್ಣದ ಬಲವನ್ನು ಎಂಟು ಬಗೆಯ ಗ್ಲೂಆನುಗಳು ಒಯ್ಯುವುವು. ಭೇದವೇನೆಂದರೆ ಫೋಟಾನಿಗೆ ವಿದ್ಯುದಂಶವಿಲ್ಲ. ಗ್ಲೂಆನಿಗಾದರೋ ತನಗೇ ವರ್ಣವುಂಟು. ಈ ಒಂದು ಭೇದದ ಫಲವಾಗಿ, ಕ್ವಾರ್ಕುಗಳು ಬಹು ಸಮೀಪವಾದಾಗ ಬಲ ಕ್ಷೀಣವಾಗುವುದೆಂದು ೧೯೭೩ರಲ್ಲಿ ಗ್ರಾಸ್ ಮತ್ತು ವಿಲ್ಚೆಕರೂ, ಬೇರೆಯಾಗಿ ಪೊಲಿಟ್ಜರರೂ ಗಣಿತದಿಂದ ತೋರಿಸಿದರು. ಇವರು ಮೂವರಿಗೂ ೨೦೦೪ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಕ್ವಾರ್ಕುಗಳು ದೂರ ಸರಿದರೆ ಬಲ ಕುಂದುವುದಿಲ್ಲ. ನಡುವೆ ಹಗ್ಗವನ್ನು ಜಗ್ಗಿದಂತಾಗುವುದು. ಹಗ್ಗ ಹರಿದರೆ ಹರಿದ ಕಡೆಯಲ್ಲಿ ಹೊಸ ಕ್ವಾರ್ಕು ಪ್ರತಿಕ್ವಾರ್ಕುಗಳು ಹುಟ್ಟುವುವು. ಹಗ್ಗವನ್ನು ಎಷ್ಟು ತುಂಡು ಮಾಡಿದರೂ ಪ್ರತಿ ತುಂಡಿಗೂ ಎರಡು ಕೊನೆಗಳಿರುವುದಲ್ಲದೆ ಒಂದೇ ಕೊನೆಯ ಹಗ್ಗ ದೊರೆಯುವುದಿಲ್ಲ. ಒಂಟಿ ಕ್ವಾರ್ಕು ಸಿಕ್ಕದಿರುವುದನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು.

೩

ಸಿದ್ಧಾಂತ ಹೀಗಿರುವಲ್ಲಿ ೧೯೭೪ನೆಯ ನವಂಬರ್ ೧೧ರಂದು ಎರಡು ಪಂಗಡದವರು ಒಂದೇ ಹೊಸ ಕಣವನ್ನು ಪ್ರಕಟಪಡಿಸಿದರು. ಬ್ರೂಕ್‌ಹೇವನಿನಲ್ಲಿ ಸ್ಯಾಮ್ಯುಅಲ್ ಟಿಂಗರ ಪಂಗಡ ಅದಕ್ಕೆ ‘ಜೆ’ ಎಂದೂ, ಸ್ಟ್ಯಾನ್‌ಫರ್ಡಿನಲ್ಲಿ ಬರ್ಟನ್ ರಿಕ್ಟರರ ಪಂಗಡ ‘ಪ್ಸೈ’ ಎಂದೂ ಹೆಸರಿಟ್ಟಿತು. ಯಾರ ಹೆಸರನ್ನೂ ಬಿಡಲಾರದೆ ಲೋಕ ಅದನ್ನು ಜೆ-ಪ್ಸೈ ಎಂದು ಕರೆಯುತ್ತದೆ. ಟಿಂಗ್ ಮತ್ತು ರಿಕ್ಟರರಿಗೆ ೧೯೭೬ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಕಣದ ದ್ರವ್ಯರಾಶಿ ಪ್ರೋಟಾನಿನದರ ೩.೩ ಪಟ್ಟು. ಆಶ್ಚರ್ಯಕ್ಕೆ ಕಾರಣ ಅದರ ಭಾರವಲ್ಲ, ಅದರ ಆಯುಸ್ಸು. ಪ್ರಬಲವಾದ ಬಲಕ್ಕೆ ಒಳಗಾದ ಕಣ ಭಾರವಾದಷ್ಟೂ ಒಡೆಯುವ ಮಾರ್ಗಗಳು ಹೆಚ್ಚಾಗಿ ಅದು ಬೇಗ ನಾಶವಾಗುವುದು ವಾಡಿಕೆ. ಇದಾದರೋ ತನ್ನ ನಾಲ್ಕನೆಯ ಒಂದು ಭಾಗದಷ್ಟು ಭಾರವುಳ್ಳ ರೋ ಎಂಬ ಕಣಕ್ಕಿಂತ ಸಾವಿರ ಪಟ್ಟಿಗೂ ಮಿಗಿಲಾದ ಕಾಲ ಬದುಕಿತು. ೧ರ ಮುಂದೆ ೨೧ ಸೊನ್ನೆಗಳನ್ನಿಟ್ಟ ಸಂಖ್ಯೆಯಿಂದ ಒಂದು ಸೆಕೆಂಡನ್ನು ಭಾಗಿಸಿ, ಬಂದುದನ್ನು ೭ರಿಂದ ಗುಣಿಸಿದರೆ ಅದರ ಸರಾಸರಿ ಆಯುಸ್ಸು ದೊರೆಯುವುದು. ನಮಗೆ ಇದು ಕಾಲವೆಂದೇ ತೋರದಿದ್ದರೂ ಆ ಲೋಕದಲ್ಲಿ ದೀರ್ಘಾಯುಸ್ಸೇ ಸರಿ.

ವಿಳಂಬದ ಮೊದಲನೆಯ ಕಾರಣ ಸುಲಭವಾದುದು. ಜೆ-ಪ್ಸೈ ಕಣ ‘ಚಾರ್ಮ್’ ಎಂಬ ನಾಲ್ಕನೆಯ ಜಾತಿಯ ಕ್ವಾರ್ಕೂ ಅದರ ಪ್ರತಿಕ್ವಾರ್ಕೂ ಕೂಡಿದ ಜೋಡಿ. ಈ ಜಾತಿಯಿರಬೇಕೆಂದು ೧೯೭೦ರಲ್ಲಿ ಗ್ಲಾಷೊ, ಇಲಿಯೋಪೌಲಸ್, ಮಯಾನಿ ಎಂಬವರು ಬೇರೆ ಕಾರಣದಿಂದ ವಾದಿಸಿದ್ದರು. ಈ ಜೋಡಿ ಅಗಲಬೇಕಾದರೆ ಒಂದೊಂದು ಚಾರ್ಮ್ ಕ್ವಾರ್ಕನ್ನು ಹೊತ್ತ ಎರಡು ‘ಡಿ’ ಕಣಗಳಾಗಬೇಕು. ೧೯೭೬ರಲ್ಲಿ ಡಿ ಕಣಗಳು ದೊರೆತಾಗ, ಅವೆರಡರ ಒಟ್ಟು ದ್ರವ್ಯರಾಶಿ ಪ್ರೋಟಾನಿನ ಸುಮಾರು ನಾಲ್ಕು ಪಟ್ಟೆಂದು ತಿಳಿಯಿತು. ೩.೩ನ್ನು ಒಡೆದು ೪ನ್ನು ಪಡೆಯುವಂತಿಲ್ಲ. ಅಗಲಿಕೆಯ ಬಾಗಿಲು ಮುಚ್ಚಿರುವುದರಿಂದ ಜೋಡಿ ಪರಸ್ಪರ ಸಂಹಾರದಿಂದಲೇ ಮುಗಿಯಬೇಕು.

ಸಂಹಾರವೂ ಏಕೆ ನಿಧಾನ? ಉತ್ತರವನ್ನು ಆಪೆಲ್‌ಕ್ವಿಸ್ಟ್ ಮತ್ತು ಪೊಲಿಟ್ಜರರು ೧೯೭೫ರ ಆದಿಯಲ್ಲಿ ಪ್ರಕಟವಾದ ಲೇಖನದಲ್ಲಿ ಕೊಟ್ಟರು. ಒಟ್ಟಿನಲ್ಲಿ ವರ್ಣರಹಿತವಾದ ಕಣ ವರ್ಣಸಹಿತವಾದ ಒಂದೇ ಗ್ಲೂಆನಾಗಿ ಮಾರ್ಪಡಲಾರದು. ಎರಡಾಗಬಹುದೇ ಎಂದರೆ, ಭ್ರಮಣಸಂಖ್ಯೆ ೧ ಆಗಿರುವ ಕಣ ಎರಡು ಫೋಟಾನುಗಳಾಗಲಾರದೆಂದು ಲಂಡಾವರು ೧೯೪೮ರಲ್ಲಿಯೂ ಯಾಂಗರು ೧೯೫೦ರಲ್ಲಿಯೂ ಸಾಧಿಸಿದ್ದರು. ವರ್ಣರಹಿತವಾಗಿ ಕೂಡಿದ ಎರಡು ಗ್ಲೂಆನುಗಳಿಗೂ ಇದೇ ನಿರ್ಬಂಧ. ಈ ಸಾಧನೆಯ ತಳದಲ್ಲಿರುವುದು ಢಾಕಾ ವಿಶ್ವವಿದ್ಯಾನಿಲಯದಲ್ಲಿದ್ದ ಸತ್ಯೇಂದ್ರನಾಥ ಬೋಸರು ೧೯೨೪ರಲ್ಲಿ ಬೆಳಕಿನ ಕಣಗಳಿಗೆ ತೋರಿಸಿಕೊಟ್ಟ ಎಣಿಕೆ: ಒಂದೇ ಬಗೆಯ ಎರಡು ಕಣಗಳನ್ನು ಅದಲುಬದಲು ಮಾಡಿದರೆ ಬೇರೊಂದು ಸ್ಥಿತಿಯುಂಟಾಗುವುದಿಲ್ಲ ಎಂಬುದು. ಆದುದರಿಂದ ಮೂರು ಗ್ಲೂಆನುಗಳೇ ಬೇಕು. ಒಂದೊಂದು ಗ್ಲೂಆನು ಹೊರಡುವಾಗಲೂ ಬಲದ ಪ್ರಮಾಣದಿಂದ ಒಂದು ಸಲ ಗುಣಿಸಬೇಕು. ಭಾರವಾದ ಕ್ವಾರ್ಕುಗಳು ಸಂಹಾರವಾಗುವುದು ಅತಿಸಮೀಪದಲ್ಲಿ. ಅಲ್ಲಿ ಆ ಪ್ರಮಾಣ ಒಂದಕ್ಕಿಂತ ಬಹಳ ಕಡಮೆ. ಕಡಮೆಯ ಸಂಖ್ಯೆಯನ್ನು ಮೂರು ಸಲ ಗುಣಿಸಿದರೆ ಅತ್ಯಲ್ಪವಾಗುವುದರಿಂದ ನಾಶ ತಡವಾಗುತ್ತದೆ.

ಈ ತರ್ಕಕ್ಕೆ ದೃಷ್ಟಾಂತ ಮೊದಲೇ ಇದ್ದಿತು. ಎಲೆಕ್ಟ್ರಾನೂ ಅದರ ಪ್ರತಿಕಣವಾದ ಪಾಸಿಟ್ರಾನೂ ಕೂಡಿದ ಪಾಸಿಟ್ರೋನಿಯಮ್ ಎಂಬ ಜೋಡಿಯಲ್ಲಿ ಎರಡು ಪ್ರಭೇದಗಳುಂಟು. ಎರಡು ಫೋಟಾನುಗಳಾಗಿ ಮುಗಿಯುವ ಪ್ರಭೇದಕ್ಕಿಂತ ಮೂರು ಫೋಟಾನುಗಳಾಗಿ ಮುಗಿಯುವ ಪ್ರಭೇದ ಸಾವಿರ ಪಟ್ಟಿಗೂ ಹೆಚ್ಚು ಕಾಲ ಬದುಕುವುದು. ಇಲ್ಲಿ ಫೋಟಾನುಗಳನ್ನು ಪ್ರತ್ಯೇಕವಾಗಿ ಕಾಣಬಹುದು. ಇದೇ ನಮ್ಮ ಅಡಿಗೆಯ ಮನೆ. ಚಾರ್ಮ್ ಜೋಡಿಯಲ್ಲಿಯೂ ಭ್ರಮಣಸಂಖ್ಯೆ ಸೊನ್ನೆಯಾಗಿರುವ ಸೋದರಕಣವೊಂದು, ಈಟಾ-ಸಿ ಎಂಬುದು, ೧೯೮೦ರಲ್ಲಿ ದೊರೆಯಿತು. ಅದು ಎರಡು ಗ್ಲೂಆನುಗಳಾಗಬಹುದು. ಅದು ಜೆ-ಪ್ಸೈಗಿಂತ ಸುಮಾರು ಮುನ್ನೂರು ಪಟ್ಟು ಬೇಗ ನಾಶವಾಗುವುದೆಂದು ಈಗಿನ ಅಳತೆಗಳು ತಿಳಿಸುತ್ತವೆ. ದ್ರವ್ಯರಾಶಿಯಲ್ಲಿ ಹೆಚ್ಚು ಭೇದವಿಲ್ಲದ ಎರಡು ಕಣಗಳ ಆಯುಸ್ಸಿನಲ್ಲಿ ಇಷ್ಟು ಅಂತರವಿರುವುದಕ್ಕೆ ಗ್ಲೂಆನುಗಳ ಎಣಿಕೆಯನ್ನು ಬಿಟ್ಟರೆ ಒಪ್ಪುವಂತಹ ಕಾರಣ ಬೇರೊಂದಿಲ್ಲ.

ಇದರಿಂದ ಹಳೆಯ ಒಗಟೊಂದೂ ತಿಳಿಯಾಯಿತು. ಫೈ ಎಂಬ ಕಣ ತನ್ನ ಕ್ವಾರ್ಕುಗಳನ್ನು ಉಳಿಸಿಕೊಳ್ಳುವ ಮಾರ್ಗ ಬಹಳ ಇಕ್ಕಟ್ಟಾಗಿದ್ದರೂ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸಲ ಅದನ್ನೇ ಹಿಡಿಯುವುದನ್ನು ಕಂಡು ಜ್ವೈಗ್, ಒಕುಬೊ, ಈಜುಕ ಎಂಬವರು ಒಂದು ನಿಯಮವನ್ನು ಹೇಳಿದ್ದರು. ನಿಯಮವಿದ್ದಿತು, ಹೇತುವಿರಲಿಲ್ಲ. ಗುರುಕಣದ ಮರಣದಿಂದ ಆ ಹೇತು ಸ್ಪಷ್ಟವಾಯಿತು.

೪

ಆದರೂ ಇಷ್ಟರಿಂದ ಗ್ಲೂಆನು ಸಿದ್ಧವಾಯಿತೆಂದು ಹೇಳುವುದು ದುಡುಕಾಗುತ್ತಿದ್ದಿತು. ವಿಳಂಬ ಒಂದು ಸಂಖ್ಯೆ. ಒಂದು ಸಂಖ್ಯೆಗೆ ಅನೇಕ ಕಾರಣಗಳನ್ನು ಕಲ್ಪಿಸಬಹುದು. ಬೇಕಾಗಿದ್ದುದು ಆಕಾರದ ಸಾಕ್ಷ್ಯ. ಹೊರಟ ಕ್ವಾರ್ಕು ಅಥವಾ ಗ್ಲೂಆನು ತಾನು ಹೊರಗೆ ಬಾರದಿದ್ದರೂ ತನ್ನ ದಿಕ್ಕಿನಲ್ಲಿ ಸಾಧಾರಣ ಕಣಗಳ ಸಾಲನ್ನು ಚಿಮ್ಮಿಸಬೇಕು. ಇದಕ್ಕೆ ಜೆಟ್ ಎಂದು ಹೆಸರು; ನಾವು ಧಾರೆ ಎನ್ನೋಣ. ಕ್ವಾರ್ಕು ಪ್ರತಿಕ್ವಾರ್ಕುಗಳ ಎರಡು ಧಾರೆಗಳ ಸುಳಿವನ್ನು ಗೇಲ್ ಹ್ಯಾನ್ಸನ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ ೧೯೭೫ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಂಡಿದ್ದರು. ಜೆ-ಪ್ಸೈ ಇದಕ್ಕೆ ಸಾಲದು. ಅದರ ಮೂರು ಗ್ಲೂಆನುಗಳಿಗೆ ಹಂಚಿಕೆಯಾಗುವ ಶಕ್ತಿ ಒಂದೊಂದಕ್ಕೆ ಒಂದು ಪ್ರೋಟಾನಿನಷ್ಟು ಮಾತ್ರ. ಅಷ್ಟರಲ್ಲಿ ಧಾರೆಗಳು ಒಂದರೊಡನೊಂದು ಬೆರೆತು ಎಲ್ಲ ಕಡೆಗೂ ಚೆದರಿದಂತೆ ಕಾಣುವುವು. ತಾಯಿ ಇನ್ನೂ ಭಾರವಾಗಬೇಕು.

ಅಂತಹ ಕಣ ೧೯೭೭ರಲ್ಲಿ ಚಿಕಾಗೋ ಸಮೀಪದ ಫರ್ಮಿ ಪ್ರಯೋಗಶಾಲೆಯಲ್ಲಿ ಲೆಡರ್‌ಮನ್ನರ ಪಂಗಡಕ್ಕೆ ದೊರೆಯಿತು. ಉಪ್ಸಿಲಾನ್ ಎಂಬ ಈ ಕಣ ಐದನೆಯ ಜಾತಿಯ ಕ್ವಾರ್ಕಿನ ಜೋಡಿ. ದ್ರವ್ಯರಾಶಿ ಪ್ರೋಟಾನಿನ ಹತ್ತು ಪಟ್ಟು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಡೋರಿಸ್ ಎಂಬ ಯಂತ್ರದ ಶಕ್ತಿಯನ್ನು ಹೆಚ್ಚಿಸಿ ೧೯೭೮ರಲ್ಲಿ ಉಪ್ಸಿಲಾನನ್ನು ಎಲೆಕ್ಟ್ರಾನು ಪಾಸಿಟ್ರಾನುಗಳ ಘರ್ಷಣೆಯಿಂದ ಪಡೆದರು. ಅಲ್ಲಿ ಪ್ಲೂಟೋ ಎಂಬ ಉಪಕರಣದವರು ಮಾಡಿದ ಹೋಲಿಕೆ ಗಮನಾರ್ಹವಾದುದು. ಯಂತ್ರದ ಶಕ್ತಿಯನ್ನು ಉಪ್ಸಿಲಾನಿನ ದ್ರವ್ಯರಾಶಿಯಿಂದ ಸ್ವಲ್ಪ ತಪ್ಪಿಸಿದರೆ ಘಟನೆಗಳು ಎರಡು ಧಾರೆಗಳ ನೀಳವಾದ ಆಕಾರದಲ್ಲಿರುತ್ತಿದ್ದುವು. ಶಕ್ತಿ ಸರಿಯಾಗಿ ಅಲ್ಲಿಗೆ ಬಂದೊಡನೆ ಆ ನೀಳತೆ ಅಳಿಯುತ್ತಿದ್ದಿತು. ನಿಂತಿರುವ ತಾಯಿಯಿಂದ ಹೊರಟ ಮೂರು ಕಣಗಳು ಒಂದೇ ಸಮತಲದಲ್ಲಿರಬೇಕೆಂಬುದು ಯಂತ್ರಶಾಸ್ತ್ರದ ನಿಯಮ. ಅಳೆದ ಹಂಚಿಕೆ ಎರಡು ಧಾರೆಗಳ ಕಲ್ಪನೆಗೆ ಒಗ್ಗದೆ ಮೂರು ಗ್ಲೂಆನುಗಳ ಗಣಿತಕ್ಕೆ ಒಗ್ಗಿತು. ಆದರೆ ಇದು ಅನೇಕ ಘಟನೆಗಳನ್ನು ಒಟ್ಟುಗೂಡಿಸಿ ಪಡೆದ ತೀರ್ಮಾನ. ಒಂದು ಘಟನೆಯನ್ನು ತೋರಿಸಿ ‘ಇಲ್ಲಿ ಮೂರಿವೆ’ ಎನ್ನುವಂತಿರಲಿಲ್ಲ.

೫

ಹಾಗೆನ್ನುವ ಅವಕಾಶ ಅದೇ ಹ್ಯಾಂಬರ್ಗಿನ ಪೆಟ್ರಾ ಎಂಬ ದೊಡ್ಡ ಯಂತ್ರದಿಂದ ಬಂದಿತು. ಅದರ ಸುತ್ತಳತೆ ೨.೩ ಕಿಲೋಮೀಟರ್. ಇಲ್ಲಿ ಮಾರ್ಗ ಬೇರೆ. ಗುರುಕಣ ಮೂರು ಗ್ಲೂಆನುಗಳಾಗುವುದಲ್ಲ. ಘರ್ಷಣೆಯಿಂದ ಹುಟ್ಟಿದ ಕ್ವಾರ್ಕು ಪ್ರತಿಕ್ವಾರ್ಕುಗಳಲ್ಲೊಂದು ಹೊರಡುವಾಗ ಒಂದು ಗ್ಲೂಆನನ್ನು ಬದಿಗೆ ಎಸೆಯುವುದು. ಈ ಬಗೆಯನ್ನು ಹುಡುಕಬೇಕೆಂದು ೧೯೭೬ರಲ್ಲಿ ಜಾನ್ ಎಲ್ಲಿಸ್, ಮೇರಿ ಗೇಯರ್ಡ್, ಗ್ರಹಾಮ್ ರಾಸ್ ಎಂಬವರು ಸೂಚಿಸಿದ್ದರು. ಟ್ಯಾಸೋ ಪಂಗಡದಲ್ಲಿ ಸಾವ್ ಲಾನ್ ವೂ ಎಂಬ ವಿದುಷಿ ಮೂರು ಧಾರೆಗಳನ್ನು ಬೇರ್ಪಡಿಸಿ ಗುರುತಿಸುವ ವಿಧಾನವನ್ನು ಸಹೋದ್ಯೋಗಿ ಜೋಬರ್ನಿಗರೊಡನೆ ಸಿದ್ಧಪಡಿಸಿದರು. ಸ್ಪಷ್ಟವಾದ ಮೂರು ಧಾರೆಗಳ ಘಟನೆಯೊಂದನ್ನು ಬ್ಯೋರ್ನ್ ವೀಕರು ೧೯೭೯ನೆಯ ಜೂನ್ ತಿಂಗಳಲ್ಲಿ ನಾರ್ವೆಯ ಬರ್ಗೆನ್ ನಗರದ ಸಮ್ಮೇಳನದಲ್ಲಿ ತೋರಿಸಿದರು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಫರ್ಮಿ ಪ್ರಯೋಗಶಾಲೆಯ ಸಭೆಯಲ್ಲಿ ಟ್ಯಾಸೋ, ಪ್ಲೂಟೋ, ಮಾರ್ಕ್-ಜೆ, ಜೇಡ್ ಎಂಬ ನಾಲ್ಕು ಪಂಗಡಗಳೂ ತಮ್ಮ ಸಾಕ್ಷ್ಯವನ್ನು ಮುಂದಿಟ್ಟುವು. ಮೂರನೆಯ ಧಾರೆಯ ಕೋನಗಳನ್ನು ಅಳೆದು ಅದರ ಜನಕನ ಭ್ರಮಣಸಂಖ್ಯೆ ಸಿದ್ಧಾಂತವು ಹೇಳಿದಂತೆ ೧ ಎಂಬುದನ್ನು ೧೯೮೦ರಲ್ಲಿ ಸ್ಥಾಪಿಸಿದರು.

ಗ್ಲೂಆನಿನ ಪ್ರಥಮ ಸಾಕ್ಷ್ಯ ಉಪ್ಸಿಲಾನಿನದೋ ಪೆಟ್ರಾದ್ದೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಯೂರೋಪಿನ ಭೌತಶಾಸ್ತ್ರ ಸಂಘ ೧೯೯೫ರಲ್ಲಿ ಸೋಡಿಂಗ್, ವೀಕ್, ವುಲ್ಫ್, ವೂ ಎಂಬ ಟ್ಯಾಸೋ ಪಂಗಡದ ನಾಲ್ವರಿಗೆ ಬಹುಮಾನವನ್ನು ಕೊಟ್ಟಿತು. ಉಪ್ಸಿಲಾನಿನ ಪಕ್ಷದವರು, ಶುದ್ಧವಾಗಿ ಗ್ಲೂಆನುಗಳಿಂದಲೇ ಆದ ಘಟನೆಗಳು ಮೊದಲು ದೊರೆತುದು ತಮ್ಮಲ್ಲಿ ಎನ್ನುವರು. ನಮಗೆ ತೋರುವ ಮಟ್ಟಿಗೆ ಇದು ಕಾಲದ ವಿವಾದವೆಂಬುದಕ್ಕಿಂತ ಪ್ರಮಾಣದ ವಿವಾದ. ಒಂದು ಪಕ್ಷ ಕಣ್ಣಿಗೆ ಒಂದೊಂದಾಗಿ ತೋರುವ ಆಕೃತಿಯನ್ನು ಪ್ರಧಾನವೆನ್ನುವುದು. ಇನ್ನೊಂದು ಪಕ್ಷ ಸಮುದಾಯದ ಲೆಕ್ಕವನ್ನು ಪ್ರಧಾನವೆನ್ನುವುದು. ಧಾರೆಯೂ ಗ್ಲೂಆನಲ್ಲ, ಅದರ ಹೊಗೆ ಮಾತ್ರವೆಂಬುದನ್ನು ನೆನೆದರೆ ಮೊದಲನೆಯ ಪಕ್ಷ ಪ್ರತ್ಯಕ್ಷವೆಂದು ಭಾವಿಸುವುದೂ ಅನುಮಾನವೇ ಆಗಿದೆ. ಆದುದರಿಂದ ಎರಡನ್ನೂ ಒಂದೇ ಸರಣಿಯ ಮೆಟ್ಟಿಲುಗಳೆಂದು ಗಣಿಸುವುದು ಯುಕ್ತ.

೬

ಮುಂದಿನ ದಶಕಗಳಲ್ಲಿ ಇನ್ನೂ ಭಾರವಾದ ಕಣಗಳು ದೊರೆತುವು. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ೧೯೮೩ರಲ್ಲಿ ಕಂಡ ಜೆಡ್ ಕಣ ಪ್ರೋಟಾನಿನ ೯೭ ಪಟ್ಟು ಭಾರವಾದುದು. ಅದು ನೂರಕ್ಕೆ ಸುಮಾರು ೭೦ ಸಲ ಕ್ವಾರ್ಕು ಪ್ರತಿಕ್ವಾರ್ಕುಗಳಾಗಿ ಒಡೆಯುವುದು. ಅಲ್ಲಿ ೧೯೮೯ರಿಂದ ೨೦೦೦ದವರೆಗೆ ನಡೆದ ಲೆಪ್ ಯಂತ್ರದಲ್ಲಿ ಮೂರು ನಾಲ್ಕು ಧಾರೆಗಳ ಘಟನೆಗಳು ನಿತ್ಯದ ಸಂಗತಿಯಾಗಿ, ಬಲದ ಪ್ರಮಾಣವನ್ನು ಅಳೆಯುವ ಸಾಧನಗಳಾದುವು. ೧೯೯೫ರಲ್ಲಿ ಫರ್ಮಿ ಪ್ರಯೋಗಶಾಲೆಯಲ್ಲಿ ದೊರೆತ ಟಾಪ್ ಕ್ವಾರ್ಕು ಪ್ರೋಟಾನಿನ ೧೮೪ ಪಟ್ಟು ಭಾರ. ನಾವು ಹೇಳಿದ ಹಗ್ಗ ಬಿಗಿಯುವುದಕ್ಕೆ ಬೇಕಾಗುವ ಕಾಲಕ್ಕೆ ಮುಂಚೆಯೇ ಅದು ನಾಶವಾಗುವುದು. ಇತರ ಕ್ವಾರ್ಕುಗಳಂತೆ ಜೋಡಿಯೊಳಗೆ ಅಡಗಿ ಕೂಡದೆ ತನ್ನ ಭ್ರಮಣದ ಗುರುತನ್ನು ಸಂತತಿಗೆ ನೇರವಾಗಿ ಒಪ್ಪಿಸುವ ಕ್ವಾರ್ಕು ಇದೊಂದೇ.

೨೦೧೨ರಲ್ಲಿ ಸರ್ನಿನಲ್ಲಿ ಪ್ರಕಟವಾದ ಹಿಗ್ಸ್ ಕಣದ ಸಂಗತಿಯಾದರೋ ನಮ್ಮ ವಿಷಯಕ್ಕೆ ಒಂದು ಎಚ್ಚರಿಕೆಯಂತಿದೆ. ಸಿದ್ಧಾಂತದ ಪ್ರಕಾರ ಅದು ನೂರಕ್ಕೆ ಸುಮಾರು ಎಂಟು ಸಲ ಎರಡು ಗ್ಲೂಆನುಗಳಾಗಬೇಕು. ಆದರೆ ಪ್ರೋಟಾನುಗಳ ಘರ್ಷಣೆಯಲ್ಲಿ ಬೇರೆ ಕಾರಣಗಳಿಂದ ಹುಟ್ಟುವ ಧಾರೆಗಳು ಅಸಂಖ್ಯಾತವಾದುದರಿಂದ ಈ ಎರಡು ಧಾರೆಗಳನ್ನು ಅವುಗಳಿಂದ ಆರಿಸಿ ತೆಗೆಯುವುದು ಅತಿಕಷ್ಟ. ಎಲ್ಲೆಲ್ಲಿಯೂ ಹೊಗೆಯಿರುವಲ್ಲಿ ಒಂದು ಒಲೆಯ ಹೊಗೆಯನ್ನು ಗುರುತಿಸುವಂತೆ. ಆದರೆ ಅದೇ ಯಂತ್ರದಲ್ಲಿ ಹಿಗ್ಸ್ ಕಣ ಹುಟ್ಟುವುದು ಹೆಚ್ಚಾಗಿ ಎರಡು ಗ್ಲೂಆನುಗಳ ಕೂಟದಿಂದಲೇ. ಮರಣದಲ್ಲಿ ಮರೆಯಾಗಿರುವ ಸಂಬಂಧ ಜನನದ ಲೆಕ್ಕದಿಂದ ತಿಳಿಯುತ್ತದೆ.

ಇಲ್ಲಿಗೆ ಹೇಳಿದುದರಿಂದ ಎರಡು ಅಂಶಗಳು ಸ್ಪಷ್ಟವಾಗುವುವು. ಒಂದನೆಯದು, ಗುರುಕಣ ‘ಒಡೆಯುವುದು’ ಎಂಬ ಮಾತನ್ನು ಮಡಕೆ ಒಡೆಯುವಂತೆ ತಿಳಿಯಬಾರದು. ಉಪ್ಸಿಲಾನು ಎಂಬುದು ಮೂರು ಗ್ಲೂಆನುಗಳನ್ನು ಕಟ್ಟಿದ ಮೂಟೆಯಲ್ಲ. ಕ್ವಾರ್ಕು ಜೋಡಿ ಅಳಿದ ಸ್ಥಾನದಲ್ಲಿ ಅವು ಹೊಸದಾಗಿ ಹುಟ್ಟುವುವು. ಎರಡನೆಯದು, ತಾಯಿಯ ಭಾರವೇ ಇಲ್ಲಿ ಸಾಕ್ಷ್ಯದ ಮೂಲ. ಭಾರದಿಂದ ಸಂಹಾರ ಅತಿಸಮೀಪದಲ್ಲಿ ನಡೆದು ಲೆಕ್ಕಕ್ಕೆ ಸಿಕ್ಕುವುದು; ಭಾರದಿಂದಲೇ ಸಂತತಿಗೆ ವೇಗ ಬಂದು ಧಾರೆಗಳು ಒಂದನ್ನೊಂದು ಬಿಟ್ಟು ನಿಲ್ಲುವುವು. ಹಗುರವಾದ ಕಣಗಳನ್ನು ಮಾತ್ರ ನೋಡುತ್ತಿದ್ದರೆ ಈ ಸಾಕ್ಷ್ಯಗಳಲ್ಲಿ ಒಂದೂ ಇಷ್ಟು ನಿಚ್ಚಳವಾಗಿ ದೊರೆಯುತ್ತಿರಲಿಲ್ಲ.

ಹಾಗಾದರೆ ಪ್ರಾರಂಭದ ಪ್ರಶ್ನೆಗೆ ಉತ್ತರವೇನು? ಅರ್ಥಾಪತ್ತಿ ಒಂದೇ ಒಂದು ಸಂಗತಿಯ ಮೇಲೆ ನಿಂತರೆ ದುರ್ಬಲ. ದೇವದತ್ತನ ದಪ್ಪಕ್ಕೆ ರೋಗವೂ ಕಾರಣವಾಗಿರಬಹುದು. ಆದರೆ ಪ್ರೋಟಾನಿನ ಕಾಣೆಯಾದ ಸಂವೇಗ, ಜೆ-ಪ್ಸೈಯ ವಿಳಂಬ, ಉಪ್ಸಿಲಾನಿನ ಆಕಾರ, ಪೆಟ್ರಾದ ಮೂರನೆಯ ಧಾರೆ, ಆ ಧಾರೆಯ ಭ್ರಮಣಸಂಖ್ಯೆ ಎಂಬ ಈ ಐದೂ ಒಂದಕ್ಕೊಂದು ಸಂಬಂಧವಿಲ್ಲದ ಕಡೆಗಳಿಂದ ಬಂದು ಒಂದೇ ವಸ್ತುವಿನಲ್ಲಿ ಸೇರಿದುವು. ಗ್ಲೂಆನನ್ನು ಒಪ್ಪದವನು ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕಾರಣವನ್ನು ಕಲ್ಪಿಸಬೇಕಾಗುವುದು. ಆದರೂ ಕ್ವಾರ್ಕು ಗ್ಲೂಆನುಗಳು ಎಂದಿಗೂ ಒಂಟಿಯಾಗಿ ಹೊರಬಾರವೆಂಬುದನ್ನು ಮೂಲ ಸಮೀಕರಣಗಳಿಂದ ಕಟ್ಟುನಿಟ್ಟಾಗಿ ಸಾಧಿಸುವ ಗಣಿತ ಇನ್ನೂ ಸಿದ್ಧವಾಗಿಲ್ಲ. ಇದಕ್ಕೆ ಸಂಬಂಧಪಟ್ಟ ಗಣಿತಸಮಸ್ಯೆಯೊಂದನ್ನು ಅಮೆರಿಕದ ಕ್ಲೇ ಸಂಸ್ಥೆಯವರು ೨೦೦೦ದಲ್ಲಿ ಬಹುಮಾನಕ್ಕೆಂದು ಗೊತ್ತುಮಾಡಿದ ಏಳು ಸಮಸ್ಯೆಗಳಲ್ಲಿ ಸೇರಿಸಿರುವರು. ವಸ್ತು ಉಂಟೆಂಬುದು ತಿಳಿದಿದೆ. ಅದು ಏಕೆ ಮರೆಯಲ್ಲಿರುವುದೆಂಬುದರ ಸಂಪೂರ್ಣ ಉಪಪತ್ತಿ ಮುಂದಿನವರ ಪಾಲಿಗೆ ಉಳಿದಿದೆ.